ಮಾಗಿಯ ಚಳಿ ಮತ್ತು ಮೋಟಾರು ಕಾರಿನ ಕಿಟಕಿ

ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಮಾಗಿಯ ಆಗಮನವನ್ನು ಪಂಚಾಂಗಕ್ಕಿಂತ ಮೊದಲೇ ಸಾರುವುದು ಬಚ್ಚಲುಮನೆಯ ಕೊಬ್ಬರಿ ಎಣ್ಣೆಯ ಸೀಸೆ. ಮಂಗಳೂರು, ಉಡುಪಿಗಳ ಕಡೆ ಬಹುಮಟ್ಟಿಗೆ ವರ್ಷವಿಡೀ ನೀರಿನಂತೆ ಹರಿಯುವ ಈ ಎಣ್ಣೆ, ಉಷ್ಣತೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಹೊತ್ತಿಗೆ ಸೀಸೆಯನ್ನು ಬಿಸಿನೀರಿನ ತಂಬಿಗೆಯಲ್ಲಿ ನಿಲ್ಲಿಸದ ಹೊರತು ಅದರಿಂದ ಒಂದು ಹನಿಯೂ ಕೆಳಗಿಳಿಯದು. ಅದೇ ದಿನಗಳಲ್ಲಿ, ರಾತ್ರಿಯೆಲ್ಲ ಮಂಜಿನಲ್ಲಿ ಮನೆಯ ಮುಂದೆ ನಿಂತ ಕಾರಿನಲ್ಲಿಯೂ ಒಂದು ಬದಲಾವಣೆ ಕಾಣಿಸಿಕೊಳ್ಳುತ್ತದೆ. ಬೇಸಗೆಯಲ್ಲಿ ಸ್ವಿಚ್ಚು ಒತ್ತಿದೊಡನೆ ಸರ್ರನೆ ಏರುತ್ತಿದ್ದ ಕಿಟಕಿಯ ಗಾಜು ಈಗ ನರಳುತ್ತ, ನಡುನಡುವೆ ತಡೆಯುತ್ತ, ಮಂಡಿನೋವಿನವರು ಮೆಟ್ಟಿಲು ಹತ್ತುವಂತೆ ಏರುತ್ತದೆ. ಕೆಲವೊಮ್ಮೆ ಅರ್ಧದಲ್ಲಿಯೇ ನಿಂತುಬಿಡುತ್ತದೆ.

ಚೆನ್ನೈ, ಮುಂಬಯಿಗಳ ವಾಚಕರಿಗೆ ಈ ಪೇಚಾಟ ವಿನೋದವಾಗಿ ತೋರಬಹುದು. ಆದರೆ 2021ರ ಜನವರಿ 1ರಂದು ದೆಹಲಿಯ ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ ಕನಿಷ್ಠ ಉಷ್ಣತೆ 1.1 ಡಿಗ್ರಿಗೂ, 2023ರ ಜನವರಿ 8ರಂದು 1.9 ಡಿಗ್ರಿಗೂ ಇಳಿದಿತ್ತು. ಅಂಥದೊಂದು ಮುಂಜಾನೆ, ಉಬ್ಬಸದಿಂದ ನರಳುವ ವೃದ್ಧ ತಂದೆಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿರುವ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳಬಹುದು. ವಾಹನ ನಿಲುಗಡೆಯ ಚೀಟಿ ಪಡೆಯಲು ಇಳಿಸಿದ ಗಾಜು ಮತ್ತೆ ಏರುವುದಿಲ್ಲ. ನಾಲ್ಕು ಬೆರಳಿನ ಆ ಸಂದಿಯಿಂದ ನುಗ್ಗುವ ಶೀತಲವಾದ ಒಣಗಾಳಿ ಉಬ್ಬಸದವರ ಶ್ವಾಸನಾಳಗಳನ್ನು ಕುಗ್ಗಿಸಿ, ಉಸಿರಾಟವನ್ನು ಇನ್ನಷ್ಟು ಕಷ್ಟಗೊಳಿಸಬಲ್ಲದು. ಜನವರಿಯ ದೆಹಲಿಯಲ್ಲಿ ಆ ಗಾಳಿಯೊಡನೆ ಹೊಗೆಯೂ ಧೂಳೂ ಬೆರೆತು ಬರುತ್ತವೆಂಬುದನ್ನು ಅಲ್ಲಿನವರಿಗೆ ಹೇಳಬೇಕಾಗಿಲ್ಲ. ಇನ್ನು, ಇಳಿಯಬೇಕಾದಾಗ ಇಳಿಯದ ಕಿಟಕಿಯಿಂದ ಒದಗುವ ಅಪಾಯ ಬೇರೆಯೇ ಬಗೆಯದು. ಅದರ ಪ್ರಸ್ತಾಪ ಮುಂದೆ ಬರುತ್ತದೆ.

ಇಂಥ ಕಾರನ್ನು ಗ್ಯಾರೇಜಿಗೆ ಒಯ್ದರೆ ಅನೇಕ ಸಲ ದೊರೆಯುವ ತೀರ್ಪು ಒಂದೇ: ಮೋಟಾರು ಹೋಗಿದೆ, ಬದಲಿಸಬೇಕು. ಬದಲಿಸಿದ ಮೇಲೆ ಗಾಜು ತಕ್ಕಮಟ್ಟಿಗೆ ಚುರುಕಾಗಿಯೇ ಓಡಾಡುತ್ತದೆ. ಹೊಸ ಮೋಟಾರಿಗೆ ಕಸುವು ಹೆಚ್ಚು. ಅಲ್ಲದೆ ಅಷ್ಟರಲ್ಲಿ ಸಂಕ್ರಾಂತಿ ಕಳೆದು ಬಿಸಿಲು ಏರಿರುತ್ತದೆ. ಮರುವರ್ಷ ಧನುರ್ಮಾಸ ಬಂದೊಡನೆ ಅದೇ ನರಳಾಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಚಳಿಯಲ್ಲಿ ಮಾತ್ರ ನಿಧಾನವಾಗುವ ಕಿಟಕಿಯ ವಿಷಯದಲ್ಲಿ ಮೋಟಾರನ್ನು ಎಲ್ಲಕ್ಕಿಂತ ಕಡೆಯಲ್ಲಿ ಸಂದೇಹಿಸುವುದು ವಿವೇಕ. ಇದರ ಕಾರಣ ತಿಳಿಯಲು ಬಾಗಿಲಿನ ಒಳಗಿನ ಏರ್ಪಾಟನ್ನು ಸ್ವಲ್ಪ ಅರಿತುಕೊಳ್ಳಬೇಕು.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಗಾಜನ್ನು ಏರಿಸಲು ಹಿಡಿ ತಿರುಗಿಸಬೇಕಾಗಿತ್ತು. ಅದರಲ್ಲಿ ಶ್ರಮವಿತ್ತು; ಆದರೆ ಒಂದು ಗುಣವೂ ಇತ್ತು. ಗಾಜು ಎಲ್ಲಿಯಾದರೂ ಬಿಗಿಯಾದರೆ ತಿರುಗಿಸುವ ಕೈಗೆ ಅದು ತತ್‌ಕ್ಷಣ ಗೊತ್ತಾಗುತ್ತಿತ್ತು. ಸ್ವಿಚ್ಚು ಬಂದ ಮೇಲೆ ಆ ಅರಿವು ಕೈತಪ್ಪಿತು. ಬಿಗಿ ಎಷ್ಟು ಹೆಚ್ಚಿದರೂ ಬೆರಳಿಗೆ ಅದೇ ಹಗುರವಾದ ಗುಂಡಿ. ಭಾರವನ್ನೆಲ್ಲ ಮೋಟಾರು ಮೌನವಾಗಿ ಹೊರುತ್ತದೆ, ಹೊರಲಾರದ ದಿನ ಕೈಚೆಲ್ಲುತ್ತದೆ.

ಈ ಮೋಟಾರು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಬ್ಯಾಟರಿಯ 12 ವೋಲ್ಟಿನ ವಿದ್ಯುತ್ತಿನಿಂದ ನಡೆಯುವಂಥದು. ಅದರ ದಂಡದ ತುದಿಯಲ್ಲಿ ತಿರುಪುಮೊಳೆಯ ಆಕಾರದ ಒಂದು ಗಿಯರು ಇದ್ದು, ಅದು ದೊಡ್ಡದೊಂದು ಹಲ್ಲುಚಕ್ರವನ್ನು ನಿಧಾನವಾಗಿ ಆದರೆ ಬಲವಾಗಿ ತಿರುಗಿಸುತ್ತದೆ. ಗಾಜನ್ನು ಕೈಯಿಂದ ಕೆಳಕ್ಕೆ ಅದುಮಿದರೂ ಸುಲಭವಾಗಿ ಇಳಿಯದಿರುವುದು ಈ ತಿರುಪಿನ ಗುಣದಿಂದಲೇ. ಹಲ್ಲುಚಕ್ರದ ಚಲನೆಯನ್ನು ಗಾಜಿಗೆ ಮುಟ್ಟಿಸುವ ಭಾಗವೇ ಮೆಕ್ಯಾನಿಕ್ಕರ ಮಾತಿನ ‘ವಿಂಡೋ ಮಷೀನ್’. ಕೆಲವು ಕಾರುಗಳಲ್ಲಿ ಅದು ಕತ್ತರಿಯಂತೆ ಮಡಚಿ ಬಿಚ್ಚುವ ಉಕ್ಕಿನ ತೋಳುಗಳ ಜೋಡಿ. ಇನ್ನು ಕೆಲವುಗಳಲ್ಲಿ ರಾಟೆಗೆ ಸುತ್ತಿದ ಉಕ್ಕಿನ ಹಗ್ಗ. ಬಾವಿಯ ಕೊಡಪಾನ ಮೇಲೇರುವಂತೆಯೇ ಇಲ್ಲಿ ಗಾಜು ಏರುತ್ತದೆ.

ಏರುವ ಗಾಜು ಅತ್ತಿತ್ತ ಅಲುಗದಂತೆ ಅದರ ಎರಡು ಅಂಚುಗಳನ್ನು ಹಿಡಿದಿರುವುದು ರಬ್ಬರಿನ ಕಾಲುವೆ. ಪೇಟೆಯಲ್ಲಿ ಇದಕ್ಕೆ ಬೀಡಿಂಗ್ ಎಂದು ಹೆಸರು. ಇದರ ಒಳಮೈಗೆ ಮಖಮಲ್ಲಿನಂತಹ ಸೂಕ್ಷ್ಮವಾದ ನಾರಿನ ಹೊದಿಕೆ ಇರುತ್ತದೆ. ಗಾಜು ರಬ್ಬರಿಗೆ ನೇರವಾಗಿ ತಗುಲದೆ ಈ ನಾರಿನ ಮೇಲೆ ಜಾರಬೇಕೆಂಬುದು ತಯಾರಕರ ಉದ್ದೇಶ. ಹೊಸ ಕಾರಿನಲ್ಲಿ ಗಾಜು ಪೂರ್ತಿಯಾಗಿ ಏರಲು ನಾಲ್ಕೈದು ಸೆಕೆಂಡು ಸಾಕಾಗುವುದು ಇದರ ದೆಸೆಯಿಂದ.

ಈಗ ಚಳಿ ಇವುಗಳಲ್ಲಿ ಯಾವುದನ್ನು ಬಾಧಿಸುತ್ತದೆಂದು ನೋಡಬೇಕು. ಮೋಟಾರಿನ ತಾಮ್ರದ ಸುರುಳಿಗಳಿಗೆ ಚಳಿಯಿಂದ ಅಪಕಾರವಿಲ್ಲ. ಉಷ್ಣತೆ 30 ಡಿಗ್ರಿಯಿಂದ 4 ಡಿಗ್ರಿಗೆ ಇಳಿದಾಗ ತಾಮ್ರದ ವಿದ್ಯುತ್ ರೋಧ ಸುಮಾರು ಶೇಕಡ 10ರಷ್ಟು ಕಡಿಮೆಯಾಗುತ್ತದೆ. ಎಂದರೆ ಸುರುಳಿಗಳ ಮಟ್ಟಿಗೆ ಮಾಗಿ ಅನುಕೂಲಕರವಾದ ಋತುವೇ ಸರಿ. ತೊಂದರೆ ಉಂಟಾಗುವುದು ಉಳಿದ ಕಡೆಗಳಲ್ಲಿ. ರಬ್ಬರು ಚಳಿಗೆ ಬಿರುಸಾಗಿ, ಗಾಜಿನೊಡನೆ ಬಾಗುವ ಬದಲು ಅದನ್ನು ಕಚ್ಚಿಹಿಡಿಯುತ್ತದೆ. ಬೇಸಗೆಯ ಆಂಧಿಯ ಧೂಳು, ಕಟ್ಟಡ ಕೆಲಸಗಳ ಸಿಮೆಂಟಿನ ಹುಡಿ, ದೀಪಾವಳಿಯ ಆಸುಪಾಸಿನ ಮಸಿ ಎಲ್ಲವೂ ವರ್ಷಗಟ್ಟಲೆ ಆ ಮಖಮಲ್ಲಿನಲ್ಲಿ ಸೇರಿಕೊಂಡಿರುತ್ತವೆ; ಇಬ್ಬನಿಯ ತೇವ ತಗುಲಿದೊಡನೆ ಅದೆಲ್ಲ ಅಂಟು ಕೆಸರಾಗುತ್ತದೆ. ಗಿಯರಿಗೂ ತೋಳುಗಳಿಗೂ ಕಾರ್ಖಾನೆಯಲ್ಲಿ ಹಚ್ಚಿದ ಗ್ರೀಸು ಹಳತಾಗಿ ಒಣಗಿದ್ದು, ಚಳಿಯಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆಯ ಸೀಸೆ ಕಲಿಸುವ ಪಾಠ ಇಲ್ಲಿಯೂ ಸಲ್ಲುತ್ತದೆ. ಕೊನೆಯದಾಗಿ ಬ್ಯಾಟರಿ: ಅದರೊಳಗಿನ ರಾಸಾಯನಿಕ ಕ್ರಿಯೆ ಶೀತದಲ್ಲಿ ಮಂದವಾಗುವುದರಿಂದ, ಅದು ಕೊಡಬಲ್ಲ ವಿದ್ಯುತ್ತು ಬೇಸಗೆಗಿಂತ ಕಡಿಮೆ. ಹೀಗೆ ಹೊರೆ ಹೆಚ್ಚಿದ ಹೊತ್ತಿನಲ್ಲಿಯೇ ಬಲ ಕುಗ್ಗುತ್ತದೆ.

ಇವುಗಳಲ್ಲಿ ತಪ್ಪು ಯಾವುದರದೆಂದು ಕಂಡುಹಿಡಿಯಲು ಬಾಗಿಲನ್ನು ಬಿಚ್ಚಬೇಕಾಗಿಲ್ಲ. ಒಂದು ಕೈಗಡಿಯಾರ ಮತ್ತು ಹತ್ತು ನಿಮಿಷಗಳ ತಾಳ್ಮೆ ಸಾಕು. ಮುಂಜಾನೆ ಕಾರು ತಣ್ಣಗಿರುವಾಗಲೇ, ಎಂಜಿನ್ನು ನಡೆಯುತ್ತಿರುವಂತೆ, ನಾಲ್ಕು ಕಿಟಕಿಗಳೂ ಏರಲು ತೆಗೆದುಕೊಳ್ಳುವ ಸೆಕೆಂಡುಗಳನ್ನು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಬೇಕು. ಇಳಿಯುವ ವೇಳೆಯನ್ನೂ ಬರೆಯಬೇಕು. ಮಧ್ಯಾಹ್ನ ಕಾರು ಬಿಸಿಲಿನಲ್ಲಿ ಎರಡು ಗಂಟೆ ನಿಂತ ಮೇಲೆ ಇದನ್ನೇ ಪುನಃ ಮಾಡಬೇಕು. ಈ ಪರೀಕ್ಷೆ ಬಯಲಿನಲ್ಲಿ ನಡೆಯಬೇಕೇ ಹೊರತು ಮುಚ್ಚಿದ ಗ್ಯಾರೇಜಿನಲ್ಲಿ ಕೂಡದು.

ಹೀಗೆ ಬರೆದ ಅಂಕಿಗಳು ಬಹಳಷ್ಟನ್ನು ಹೇಳುತ್ತವೆ. ಒಂದೇ ಕಿಟಕಿ ಮಂದವಾಗಿದ್ದು ಉಳಿದ ಮೂರು ಚುರುಕಾಗಿದ್ದರೆ ಬ್ಯಾಟರಿ ನಿರ್ದೋಷಿ. ಆ ಬಾಗಿಲಿನಲ್ಲಿಯೇ ಹುಡುಕಬೇಕು. ನಾಲ್ಕೂ ಒಂದೇ ಪ್ರಮಾಣದಲ್ಲಿ ಮಂದವಾಗಿದ್ದು, ಎಂಜಿನ್ನು ನಿಲ್ಲಿಸಿದಾಗ ಇನ್ನೂ ತೀರ ನಿಧಾನವಾದರೆ ಬ್ಯಾಟರಿಯನ್ನು ಸಂದೇಹಿಸಬಹುದು. ಇಳಿಯುವಾಗ ಸರಾಗ, ಏರುವಾಗ ಮಾತ್ರ ನರಳಾಟ ಎಂದಾದರೆ ಘರ್ಷಣೆಯೇ ಮುಖ್ಯ ಕಾರಣವೆಂದು ಬಹುಮಟ್ಟಿಗೆ ಹೇಳಬಹುದು. ಏರುವಾಗ ಗಾಜಿನ ಭಾರವೂ ಘರ್ಷಣೆಯೂ ಕೂಡಿಕೊಳ್ಳುತ್ತವೆ, ಇಳಿಯುವಾಗ ಭಾರ ಮೋಟಾರಿಗೆ ನೆರವಾಗುತ್ತದೆ. ಎರಡು ದಿಕ್ಕಿನಲ್ಲಿಯೂ ಸಮನಾಗಿ ಮಂದವಾಗಿದ್ದರೆ ವಿದ್ಯುತ್ತಿನ ಕಡೆ ನೋಡಬೇಕು. ಬಿಸಿಲು ಕಾದ ಮೇಲೆ ಗಾಜು ಸಂಪೂರ್ಣವಾಗಿ ಸರಿಹೋದರೆ, ಆ ಕಾರಿಗೆ ಹೊಸ ಮೋಟಾರು ಕೊಳ್ಳುವುದು ಹಣವನ್ನು ಯಮುನೆಗೆ ಎಸೆದಂತೆ.

ಇನ್ನೊಂದು ಸುಲಭ ಪರೀಕ್ಷೆ ಇದೆ. ಒಬ್ಬರು ಸ್ವಿಚ್ಚು ಎತ್ತಿ ಹಿಡಿದಿರುವಾಗ ಮತ್ತೊಬ್ಬರು ಗಾಜಿನ ಎರಡು ಮೈಗಳಿಗೂ ಅಂಗೈ ಒತ್ತಿ ಮೆಲ್ಲನೆ ಮೇಲಕ್ಕೆ ನೆರವಾಗಬೇಕು. ಬೆರಳುಗಳು ಗಾಜಿನ ಮೇಲಂಚಿನಿಂದ ಬಹಳ ಕೆಳಗಿರಬೇಕು; ಗಾಜು ಚೌಕಟ್ಟನ್ನು ಸಮೀಪಿಸುವ ಮೊದಲೇ ಕೈ ತೆಗೆಯಬೇಕು. ಅಷ್ಟು ನೆರವಿಗೆ ಗಾಜು ಚುರುಕಾಗಿ ಏರಿತೆಂದರೆ ರೋಗ ಕಾಲುವೆಯಲ್ಲಿದೆ. ಕಿವಿಗೂ ಕೆಲಸ ಕೊಡಬೇಕು. ಕಿರುಗುಟ್ಟುವ ಶಬ್ದ ಒಣಗಿದ ರಬ್ಬರಿನದು. ಕಟಕಟವೆಂಬುದು ಹಗ್ಗ ಅಥವಾ ಹಲ್ಲಿನದು.

ಕಾಲುವೆಯ ಶುದ್ಧೀಕರಣ ಬಹಳ ಮಂದಿ ಅರ್ಧಂಬರ್ಧ ಮಾಡಿ ಬಿಡುವ ಕೆಲಸವಾದ ಕಾರಣ ಇದನ್ನು ವಿಸ್ತಾರವಾಗಿ ಹೇಳುವುದು ಉಚಿತ. ಭಾನುವಾರದ ಮಧ್ಯಾಹ್ನ ಬಿಸಿಲು ಚೆನ್ನಾಗಿರುವಾಗ ಕಾರನ್ನು ಬಿಸಿಲಿಗೆ ನಿಲ್ಲಿಸಿ, ಗಾಜನ್ನು ಪೂರ್ತಿ ಇಳಿಸಿ, ಕೀಲಿ ತೆಗೆದಿಡಬೇಕು. ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಗೆ ಹಳೆಯ ಪಂಚೆಯ ತುಂಡನ್ನು ಸುತ್ತಿ, ಶ್ಯಾಂಪೂ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಕಾಲುವೆಯ ಒಳಗೆ ಮೇಲಿನಿಂದ ಕೆಳಗಿನವರೆಗೆ ಒರೆಸಬೇಕು. ಮೊದಲ ಬಟ್ಟೆ ಕಾಡಿಗೆಯಂತೆ ಕಪ್ಪಾಗಿ ಬರುತ್ತದೆ. ಎರಡನೆಯದೂ ಹಾಗೆಯೇ. ಬಟ್ಟೆ ಬೆಳ್ಳಗೆ ಬರುವವರೆಗೂ ಬದಲಿಸುತ್ತಿರಬೇಕು. ಹತ್ತು ವರ್ಷ ಹಳೆಯ ಕಾರಿಗೆ ಒಂದು ಬಾಗಿಲಿಗೇ ಏಳೆಂಟು ತುಂಡುಗಳು ಬೇಕಾಗಬಹುದು. ನೀರನ್ನು ಕೊಳವೆಯಿಂದ ಹೊಯ್ದು ತೊಳೆಯುವುದು ಸಲ್ಲದು. ಕೆಸರು ಬಾಗಿಲಿನ ತಳಕ್ಕೆ ಇಳಿದು ಅಲ್ಲಿನ ನೀರು ಹೋಗುವ ತೂತುಗಳನ್ನು ಮುಚ್ಚುತ್ತದೆ, ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಗಾಜಿನ ಅಂಚುಗಳನ್ನೂ ಒರೆಸಲು ಮರೆಯಬಾರದು. ಅನಂತರ ಕಾಲುವೆ ಪೂರ್ಣವಾಗಿ ಒಣಗಬೇಕು. ಮಾಗಿಯ ಬಿಸಿಲಿಗೆ ಒಂದು ಗಂಟೆಯಾದರೂ ಹಿಡಿಯುತ್ತದೆ.

ಒಣಗಿದ ಮೇಲೆ ಹಾಕಬೇಕಾದುದು ಸಿಲಿಕೋನ್ ಸ್ಪ್ರೇ. ಕಾಶ್ಮೀರಿ ಗೇಟಿನ ಬಿಡಿಭಾಗಗಳ ಅಂಗಡಿಗಳಲ್ಲಿ ಇದು ಸುಲಭವಾಗಿ ದೊರೆಯುತ್ತದೆ. ಡಬ್ಬಿಯೊಡನೆ ಬರುವ ಸಣ್ಣ ನಳಿಗೆಯನ್ನು ಸಿಕ್ಕಿಸಿ ಎರಡು ಪಕ್ಕದ ಕಾಲುವೆಗಳಿಗೂ ಹಗುರವಾಗಿ ಹಾಯಿಸಿ, ಕೆಲವು ನಿಮಿಷ ಬಿಟ್ಟು, ಎಂಜಿನ್ನು ಚಾಲೂ ಮಾಡಿ, ಗಾಜನ್ನು ಐದಾರು ಸಲ ಏರಿಸಿ ಇಳಿಸಿದರೆ ದ್ರವ ಎಲ್ಲೆಡೆ ಹರಡುತ್ತದೆ. ಪ್ರತಿ ಸಲದ ನಡುವೆ ಮೋಟಾರಿಗೆ ವಿಶ್ರಾಂತಿ ಇರಲಿ. ಗಾಜಿನ ಮೈಗೆ ತಗುಲಿದ ಸಿಲಿಕೋನನ್ನು ಒರೆಸಿ ತೆಗೆಯದಿದ್ದರೆ, ರಾತ್ರಿ ಎದುರು ವಾಹನಗಳ ಬೆಳಕಿಗೆ ಪಕ್ಕದ ಕನ್ನಡಿ ಮಸುಕಾಗಿ ಕಾಣುವುದು.

ಮನೆಯಲ್ಲಿರುವ ಎಣ್ಣೆಗಳ ಬಗೆಗೆ ಒಂದು ಎಚ್ಚರಿಕೆ ಅವಶ್ಯ. ಬಾಗಿಲ ತಿರುಗಣಿ ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ ಬಿಡುವುದು ಕರಾವಳಿಯವರ ಹಳೆಯ ರೂಢಿ. ಊರಿನಲ್ಲಿ ಅದು ನಡೆಯುತ್ತದೆ. ಅದೇ ಎಣ್ಣೆಯನ್ನು ದೆಹಲಿಯ ಕಾರಿನ ಕಾಲುವೆಗೆ ಬಿಟ್ಟರೆ, ಬಚ್ಚಲುಮನೆಯ ಸೀಸೆಯಲ್ಲಿ ಏನಾಯಿತೋ ಅದೇ ಬಾಗಿಲಿನಲ್ಲಿಯೂ ಆಗುತ್ತದೆ. ಎಂಜಿನ್ ಆಯಿಲ್, ಗ್ರೀಸುಗಳು ಇನ್ನೊಂದು ರೀತಿಯಲ್ಲಿ ಅಹಿತ. ಬೀಡಿಂಗಿಗೆ ಬಳಸುವ ರಬ್ಬರು ಸಾಮಾನ್ಯವಾಗಿ ಪೆಟ್ರೋಲಿಯಂ ಎಣ್ಣೆಯನ್ನು ಸಹಿಸದು. ಅದನ್ನು ಹೀರಿ ಊದಿಕೊಂಡು ಕಾಲುವೆಯನ್ನು ಮತ್ತಷ್ಟು ಇಕ್ಕಟ್ಟಾಗಿಸುತ್ತದೆ. ಇವೆಲ್ಲ ಧೂಳನ್ನು ಹಿಡಿದಿಡುವುದಂತೂ ಇದ್ದೇ ಇದೆ. ಟಾಲ್ಕಂ ಪುಡಿ ಒಣ ರಬ್ಬರಿಗೆ ಒಳ್ಳೆಯದಾದರೂ ಇಬ್ಬನಿಯ ತೇವಕ್ಕೆ ಮುದ್ದೆಯಾಗುವುದರಿಂದ ಇಲ್ಲಿ ಉಪಯೋಗವಿಲ್ಲ. ಮಳೆಗೆಂದು ಕಾಲುವೆಯ ಒಳಕ್ಕೇ ಸಿಕ್ಕಿಸಿದ ಪ್ಲಾಸ್ಟಿಕ್ ಛಾವಣಿಗಳೂ ಗಾಜನ್ನು ಬಿಗಿಹಿಡಿಯುತ್ತವೆ. ಅವನ್ನು ತೆಗೆದು ನೋಡುವುದು ಲೇಸು. ಇಷ್ಟಾದರೂ ಕಾಲುವೆಯ ಮಖಮಲ್ಲು ಪೂರ್ತಿ ಸವೆದು ಬರಿಯ ರಬ್ಬರು ಕಾಣುತ್ತಿದ್ದರೆ ಬೀಡಿಂಗನ್ನು ಬದಲಿಸುವುದೇ ದಾರಿ.

ಅಂಕಿಗಳು ವಿದ್ಯುತ್ತಿನ ಕಡೆ ಬೊಟ್ಟುಮಾಡಿದ್ದರೆ ಒಂದು ಮಲ್ಟಿಮೀಟರು ಬೇಕು. ರಾತ್ರಿಯೆಲ್ಲ ನಿಂತ ಕಾರಿನ ಆರೋಗ್ಯವಂತ ಬ್ಯಾಟರಿ ಸುಮಾರು 12.6 ವೋಲ್ಟು ತೋರಿಸುತ್ತದೆ, 12.2ಕ್ಕೆ ಇಳಿದಿದ್ದರೆ ಅದು ಅರ್ಧದಷ್ಟು ಬರಿದಾಗಿದೆ. ಎಂಜಿನ್ನು ನಡೆಯುವಾಗ ಹೆಚ್ಚಿನ ಕಾರುಗಳಲ್ಲಿ 13.5ರಿಂದ 14.5ರವರೆಗೆ ಇರಬೇಕು. ಇದು ಸರಿಯಿದ್ದು ಒಂದೇ ಬಾಗಿಲಿನಲ್ಲಿ ದೋಷವಿದ್ದರೆ, ಬಾಗಿಲಿಗೂ ಕಾರಿನ ಮೈಗೂ ನಡುವೆ ಸುಕ್ಕುಗಟ್ಟಿದ ರಬ್ಬರು ಸೊಂಡಿಲಿನಂಥದೊಂದು ಕಾಣುತ್ತದಲ್ಲ, ಅದರೊಳಗಿನ ತಂತಿಗಳನ್ನು ನೋಡಬೇಕು. ಬಾಗಿಲು ತೆರೆದು ಮುಚ್ಚಿದಂತೆಲ್ಲ ಅವು ಬಾಗಿ ಬಾಗಿ, ಕಾಲಕ್ರಮದಲ್ಲಿ ಒಳಗಿನ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಉಳಿದ ನಾಲ್ಕೈದು ಎಳೆಗಳ ಮೂಲಕ ಮೋಟಾರಿಗೆ ಬೇಕಾದಷ್ಟು ವಿದ್ಯುತ್ತು ಹಾಯದು. ಗಾಜು ಏರುತ್ತಿರುವಾಗಲೇ ಮೋಟಾರಿನ ಜೋಡಣೆಯಲ್ಲಿ ಅಳೆದು, ಬ್ಯಾಟರಿಗಿಂತ ಒಂದೆರಡು ವೋಲ್ಟು ಕಡಿಮೆ ಕಂಡರೆ ತಂತಿಯಲ್ಲಿಯೋ ಸ್ವಿಚ್ಚಿನಲ್ಲಿಯೋ ಸೋರಿಕೆಯಿದೆಯೆಂದು ತಿಳಿಯಬೇಕು. ಸ್ವಿಚ್ಚಿನ ಸಂಪರ್ಕಗಳು ಸುಟ್ಟು ಕಪ್ಪಾಗುವುದು ಅಪರೂಪವೇನಲ್ಲ. ಎಲ್ಲರಿಗಿಂತ ಹೆಚ್ಚು ಬಳಕೆಯಾಗುವ ಚಾಲಕನ ಸ್ವಿಚ್ಚಿಗೆ ಈ ಗತಿ ಮೊದಲು ಬರುತ್ತದೆ.

ಹಾಗಾದರೆ ಮೋಟಾರು ಎಂದೂ ಕೆಡುವುದಿಲ್ಲವೆ? ಖಂಡಿತ ಕೆಡುತ್ತದೆ. ಸ್ವಿಚ್ಚು ಒತ್ತಿದಾಗ ಮೌನವಾಗಿದ್ದು, ಬಾಗಿಲಿನ ಒಳಹಲಗೆಗೆ ಅಂಗೈಯಿಂದ ತಟ್ಟಿದೊಡನೆ ಎಚ್ಚೆತ್ತರೆ ಅದರ ಕಾರ್ಬನ್ ಬ್ರಷ್ಷುಗಳು ಸವೆದಿರುವ ಸಂಭವ ಹೆಚ್ಚು. ಗಾಜು ಸಿಕ್ಕಿಬಿದ್ದಿದ್ದರೂ ಸ್ವಿಚ್ಚನ್ನು ಒತ್ತಿಯೇ ಹಿಡಿಯುವ ಅಭ್ಯಾಸ ಮೋಟಾರಿನ ಆಯುಸ್ಸನ್ನು ಕಡಿಮೆ ಮಾಡುತ್ತದೆ. ನಿಂತ ಮೋಟಾರು, ಓಡುವ ಮೋಟಾರಿಗಿಂತ ಹಲವು ಪಟ್ಟು ವಿದ್ಯುತ್ತನ್ನು ಎಳೆದು ಬಿಸಿಯಾಗುತ್ತದೆ. ಅನೇಕ ಮೋಟಾರುಗಳಲ್ಲಿ ಬಿಸಿಯೇರಿದಾಗ ತಾನಾಗಿ ವಿದ್ಯುತ್ತು ಕಡಿಯುವ ರಕ್ಷಣೆ ಇದೆ. ಸತ್ತಂತಿದ್ದ ಕಿಟಕಿ ಹತ್ತು ನಿಮಿಷ ಕಳೆದು ಜೀವತಳೆಯುವ ಪವಾಡದ ಹಿಂದಿನ ಗುಟ್ಟು ಇದೇ. ಮಷೀನಿನ ಹಗ್ಗ ಬಿಚ್ಚಿಕೊಂಡಿದ್ದರೆ, ಪ್ಲಾಸ್ಟಿಕ್ ಹಿಡಿಗಳು ಒಡೆದಿದ್ದರೆ ಆ ಕೆಲಸವನ್ನು ಬಲ್ಲ ಮೆಕ್ಯಾನಿಕ್ಕನಿಗೆ ಬಿಡುವುದು ಒಳ್ಳೆಯದು. ಉಕ್ಕಿನ ತೋಳುಗಳ ನಡುವೆ ಬೆರಳು ಸಿಕ್ಕರೆ ಉಳಿಯದು. ಒಳಹಲಗೆಯ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಆತ ಮತ್ತೆ ಸರಿಯಾಗಿ ಅಂಟಿಸಿದನೇ ಎಂದು ಮಾತ್ರ ಒಡೆಯರು ನೋಡಿಕೊಳ್ಳಬೇಕು. ಅದನ್ನು ಕಿತ್ತೆಸೆದರೆ ಮುಂದಿನ ಮಳೆಗಾಲದಲ್ಲಿ ಕಾಲಡಿಯ ಹಾಸು ನೆನೆಯುತ್ತದೆ.

ಈಚಿನ ಕಾರುಗಳ ಒಡೆಯರನ್ನು ಗಾಬರಿಗೊಳಿಸುವ ಮತ್ತೊಂದು ವಿಚಿತ್ರವೂ ಇದೆ. ಸ್ವಿಚ್ಚನ್ನು ಒಮ್ಮೆ ಎಳೆದು ಬಿಟ್ಟರೆ ತಾನಾಗಿ ಪೂರ್ತಿ ಏರಬೇಕಾದ ಗಾಜು, ಚಳಿಯ ಬೆಳಗಿನಲ್ಲಿ ಮುಕ್ಕಾಲು ಏರಿ ಹಿಂದಿರುಗಿ ಇಳಿದುಬಿಡುತ್ತದೆ. ಇಂಥ ಕಿಟಕಿಗಳಲ್ಲಿ, ಏರುವ ಗಾಜಿಗೆ ಯಾರದಾದರೂ ಕೈಯೋ ಕತ್ತೋ ಅಡ್ಡ ಬಂದರೆ ಹಿಂದೆಗೆಯುವ ವ್ಯವಸ್ಥೆಯಿರುತ್ತದೆ. ಐರೋಪ್ಯ ದೇಶಗಳು ಅನುಸರಿಸುವ ವಿಶ್ವಸಂಸ್ಥೆಯ 21ನೆಯ ವಾಹನ ನಿಯಮದ ಪ್ರಕಾರ, ಗಾಜು 100 ನ್ಯೂಟನ್ನಿಗಿಂತ ಹೆಚ್ಚು, ಎಂದರೆ ಸುಮಾರು 10 ಕಿಲೋ ತೂಕದಷ್ಟು ಬಲವನ್ನು ಪ್ರಯೋಗಿಸುವ ಮೊದಲೇ ಹಿಂದೆಗೆಯಬೇಕು. ಬಿರುಸಾದ ರಬ್ಬರಿನ ಹಿಡಿತವನ್ನೇ ಈ ವ್ಯವಸ್ಥೆ ಮಗುವಿನ ಕೈಯೆಂದು ಭ್ರಮಿಸುತ್ತದೆ. ಕಾಲುವೆ ಶುದ್ಧವಾದೊಡನೆ ಭ್ರಮೆ ತಾನಾಗಿ ಕಳೆಯುವುದುಂಟು. ಬ್ಯಾಟರಿ ಬದಲಿಸಿದ ಮೇಲೆ ಹೀಗಾದರೆ, ಗಾಜನ್ನು ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡು ಹಾಗೆಯೇ ಹಿಡಿದು, ಮೇಲಿನ ಎಲ್ಲೆಯನ್ನು ಅದಕ್ಕೆ ಮತ್ತೆ ಕಲಿಸಬೇಕಾಗುತ್ತದೆ. ಕ್ರಮ ಕಾರಿನ ಕೈಪಿಡಿಯಲ್ಲಿರುತ್ತದೆ.

ಆದರೆ ಈ ರಕ್ಷಣೆ ಎಲ್ಲ ಕಾರುಗಳಲ್ಲಿಲ್ಲ. ಇರುವ ಕಾರುಗಳಲ್ಲಿಯೂ ಹಲವೆಡೆ ಚಾಲಕನ ಕಿಟಕಿಗೆ ಮಾತ್ರ. ಹಿಂಬದಿಯಲ್ಲಿ ಕುಳಿತ ಮಕ್ಕಳು ಕಿಟಕಿಯಿಂದ ತಲೆ ಹೊರಹಾಕಿ, ಮಂಡಿಯನ್ನು ಸ್ವಿಚ್ಚಿನ ಮೇಲೆ ಊರಿದಾಗ ಗಾಜು ಕತ್ತಿಗೇ ಏರಿದ ದುರಂತಗಳು ಹಲವು ದೇಶಗಳಲ್ಲಿ ನಡೆದಿವೆ. ಒತ್ತಿದರೆ ಏರದೆ, ಮೇಲಕ್ಕೆ ಎಳೆದರೆ ಮಾತ್ರ ಏರುವ ಸ್ವಿಚ್ಚುಗಳಿರಬೇಕೆಂದು ಅಮೆರಿಕದಲ್ಲಿ 2005ರ ಕಾನೂನು ವಿಧಿಸಿದ್ದು ಇಂಥ ಸಾವುಗಳ ಹಿನ್ನೆಲೆಯಲ್ಲಿಯೇ. ಚಳಿಗಾಲದಲ್ಲಿ ಗಾಜು ನಿಧಾನವಾಗಿರುವುದನ್ನು ಕಂಡ ಮಕ್ಕಳು ಅದರೊಡನೆ ಆಟವಾಡಲು ತೊಡಗುತ್ತಾರೆ. ದುರಸ್ತಿಯಾದ ಮರುದಿನ ಅದೇ ಗಾಜು ಚುರುಕಾಗಿ ಏರುತ್ತದೆಂಬುದು ಅವರಿಗೆ ತಿಳಿಯದು. ಹಿಂಬದಿಯ ಸ್ವಿಚ್ಚುಗಳಿಗೆ ಬೀಗ ಹಾಕುವ ಗುಂಡಿ ಚಾಲಕನ ಬಾಗಿಲಿನಲ್ಲಿರುತ್ತದೆ. ಮಕ್ಕಳಿರುವ ಮನೆಯವರು ಅದನ್ನು ಸದಾ ಒತ್ತಿಟ್ಟಿರಬೇಕು.

ಇಳಿಯದ ಕಿಟಕಿಯ ಅಪಾಯವನ್ನು ಈಗ ಹೇಳಬಹುದು. ಚಳಿಯ ರಾತ್ರಿ ಕಾರಿನೊಳಗೆ ಕುಳಿತು, ಗಾಜುಗಳನ್ನೆಲ್ಲ ಏರಿಸಿ, ಬೆಚ್ಚಗಿರಲೆಂದು ಎಂಜಿನ್ನನ್ನು ನಡೆಯಗೊಡುವ ಪರಿಪಾಠ ಉತ್ತರ ಭಾರತದಲ್ಲಿ ಸಾಮಾನ್ಯ. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಈ ಅನಿಲವನ್ನು ಅಂಟಿಸಿಕೊಳ್ಳುತ್ತದೆ. ತಲೆನೋವು, ಓಕರಿಕೆ, ತೂಕಡಿಕೆ ಎಂಬ ಕ್ರಮದಲ್ಲಿ ಲಕ್ಷಣಗಳು ತೋರುತ್ತವೆ. ತೂಕಡಿಕೆಯನ್ನು ದಣಿವೆಂದು ಬಗೆದು ಮಲಗಿದವರು ಏಳದಿರಬಹುದು. ಮುಚ್ಚಿದ ಗ್ಯಾರೇಜಿನಲ್ಲಿ ನಿಂತ ಕಾರಿಗೂ, ಹೊಗೆಕೊಳವೆ ಹಿಮದಲ್ಲಿ ಹೂತ ಕಾರಿಗೂ, ಕೊಳವೆ ತೂತಾದ ಹಳೆಯ ಕಾರಿಗೂ ಈ ಭಯ ಸಮಾನ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಗಿರಿಧಾಮದ ದಾರಿಯಲ್ಲಿ ಹಿಮಪಾತಕ್ಕೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಪ್ರವಾಸಿಗರು ತಮ್ಮ ಕಾರುಗಳಲ್ಲಿಯೇ ಮೃತಪಟ್ಟರು. ಅವರಲ್ಲಿ ಕೆಲವರನ್ನು ಕೊಂದುದು ಚಳಿಯಲ್ಲ, ಈ ಅನಿಲವೆಂದು ಅಂದು ವರದಿಯಾಯಿತು.

ದೆಹಲಿ ಕನ್ನಡಿಗರಲ್ಲಿ ಕ್ರಿಸ್‌ಮಸ್ ರಜೆಗೆ ಶಿಮ್ಲಾ, ಮನಾಲಿಗಳಿಗೆ ಸಂಸಾರಸಮೇತ ಕಾರಿನಲ್ಲಿ ಹೊರಡುವವರು ಇದ್ದಾರೆ. 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ 2020ರ ಅಕ್ಟೋಬರಿನಲ್ಲಿ ತೆರೆದ ಮೇಲೆ, ಹಿಂದೆ ಚಳಿಗಾಲದಲ್ಲಿ ತಲುಪಲಾಗದಿದ್ದ ಲಾಹೌಲಿನವರೆಗೂ ಹೋಗಿಬರಲು ಸಾಧ್ಯವಾಗಿದೆ. ಅಲ್ಲಿ ಉಷ್ಣತೆ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ದೆಹಲಿಯಲ್ಲಿ ಬರಿಯ ನಿಧಾನವಾಗಿದ್ದ ಗಾಜು ಅಲ್ಲಿ ರಬ್ಬರಿಗೆ ಅಂಟಿ ಹೆಪ್ಪುಗಟ್ಟುತ್ತದೆ. ಆದುದರಿಂದ ಕಾಲುವೆಯ ಶುದ್ಧೀಕರಣ ಹೊರಡುವ ವಾರದಲ್ಲಿಯೇ ಮುಗಿದಿರಬೇಕು. ಬಿಸಿಲಿನಲ್ಲಿ ಒಣಗಿದ ಕಾಲುವೆಯಲ್ಲಿ ಹೆಪ್ಪುಗಟ್ಟಲು ನೀರು ಸಿಗುವುದಿಲ್ಲ.

ಅಷ್ಟಾದರೂ ಒಂದು ಮುಂಜಾನೆ ಗಾಜು ಕದಲದಿದ್ದರೆ ಸ್ವಿಚ್ಚನ್ನು ಪದೇ ಪದೇ ಒತ್ತಬಾರದು. ಮೋಟಾರಿನ ಬಲ ಮಂಜುಗಡ್ಡೆಯ ಮೇಲೆ ಬಿದ್ದು ಹಗ್ಗವೋ ಹಿಡಿಯೋ ಕಿತ್ತುಬರುತ್ತದೆ. ಕುದಿಯುವ ನೀರನ್ನು ಗಾಜಿಗೆ ಎರಚುವುದು ಅದಕ್ಕಿಂತ ಕೆಟ್ಟದ್ದು. ಹಠಾತ್ತಾದ ಬಿಸಿಗೆ ಗಾಜು ಪುಡಿಯಾದೀತು. ಮೊದಲು ಹೊಗೆಕೊಳವೆಯ ಸುತ್ತಲಿನ ಹಿಮವನ್ನು ಕೈಯಾರೆ ತೆಗೆದು, ಬಳಿಕ ಎಂಜಿನ್ನು ಚಾಲೂ ಮಾಡಿ, ಹೊರಗಿನ ಗಾಳಿ ಒಳಬರುವಂತೆ ಹೀಟರನ್ನು ಇಟ್ಟು, ಬಾಗಿಲೊಂದನ್ನು ಅರೆತೆರೆದು, ಹದಿನೈದು ನಿಮಿಷ ಕಾಯಬೇಕು. ಆ ಹೊತ್ತಿನಲ್ಲಿ ಮಕ್ಕಳೂ ಹಿರಿಯರೂ ಕಾರಿನೊಳಗೆ ಕೂರದೆ ವಸತಿಗೃಹದಲ್ಲಿ ಕಾಫಿ ಕುಡಿಯುತ್ತಿರುವುದು ಉತ್ತಮ.